ಕುಂಟ ಮರಿಯ ಹಾಡು, ಟಿಬಿಲಿಸಿಯ ತಂತಿ

ಬೋನಾಳ

ಪರದೇಶಕ್ಕೆ ಹೋಗಿ ಬಂದವಳೆಂದು ಶಾಲೆಯಲ್ಲಿ ಈಗಲೂ ನನ್ನನ್ನು ಸುತ್ತುವರಿದು ಕೂರಿಸಿಕೊಳ್ಳುತ್ತಾರೆ. ಜಾರ್ಜಿಯಾದಲ್ಲಿ ಏನೇನು ನೋಡಿದಿರಿ ಮೇಡಂ ಎಂದು ಕೇಳುತ್ತಾರೆ. ನದಿ ನೋಡಿದೆ, ಚರ್ಚು ನೋಡಿದೆ, ಬೆಟ್ಟದ ಮೇಲಿನ ಕೋಟೆ ನೋಡಿದೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಕೋಟೆ ನೋಡಲು ಸುರಪುರದ ಕಡೆಯವರು ಅಷ್ಟು ದೂರ ಹೋಗಬೇಕಿಲ್ಲ. ಆ ಮೂರು ವಾರಗಳಲ್ಲಿ ನಾನು ನಿಜವಾಗಿ ನೋಡಿದ್ದು ಒಂದು ಅಡುಗೆಮನೆ, ಒಂದು ಸಮಾಧಿ, ಮತ್ತೆ ಗಿಟಾರಿನ ದಪ್ಪ ತಂತಿ. ಅಲ್ಲೊಂದು ತಪ್ಪನ್ನೂ ಮಾಡಿ ಬಂದೆ. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನೆಯ ವಿಷಯ ಹೇಳಬೇಕು. ನಾನು ಬೋನಾಳದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಕಲಬುರಗಿಯಲ್ಲಿ ಶಿಕ್ಷಕರ ತರಬೇತಿಗಿದ್ದಾಗ ಹಾಸ್ಟೆಲಿನ ಗೆಳತಿಯೊಬ್ಬಳು ಗಿಟಾರ್ ಹೇಳಿಕೊಟ್ಟಳು. ಹೇಳಿಕೊಟ್ಟದ್ದು ಮೂರೇ ಕಾರ್ಡ್: ಜಿ, ಸಿ, ಡಿ. ಕಾರ್ಡ್ ಅಂದರೆ ಎಡಗೈ ಬೆರಳುಗಳನ್ನು ಒಂದು ರೀತಿ ಒತ್ತಿ ಹಿಡಿದು, ಬಲಗೈಯಿಂದ ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿದಾಗ ಏಳುವ ಸ್ವರಗಳ ಗುಂಪು. ಈ ಮೂರನ್ನು ಇಟ್ಟುಕೊಂಡು ಇಪ್ಪತ್ತು ವರ್ಷ ಮಕ್ಕಳನ್ನು ಕುಣಿಸಿದ್ದೇನೆ. ಹಾಡು ಕಟ್ಟುತ್ತಿದ್ದವನು ನನ್ನ ಅಣ್ಣ ಬೀರಣ್ಣ. ಅವನದು ಕುರಿ ಕಾಯುವ ಕೆಲಸ. ಓದಿದ್ದು ಏಳನೆಯ ಇಯತ್ತೆವರೆಗೆ. ಕೆರೆ ದಂಡೆಯಲ್ಲಿ ಕುರಿ ಬಿಟ್ಟು ಶಾಲೆಯ ಕಟ್ಟೆಗೆ ಬಂದು ಕೂತನೆಂದರೆ ಒಂದು ಹೊಸ ಹಾಡು ತಂದಿದ್ದಾನೆಂದೇ ಅರ್ಥ. ಅವನು ಹಾಡುತ್ತಿದ್ದ, ನಾನು ಗಿಟಾರ್ ಬಾರಿಸುತ್ತಿದ್ದೆ. ಬಾರಿಸಿ ಮುಗಿಸಿದ ಮೇಲೆ ಅವನ ಟೀಕೆ ತಪ್ಪುತ್ತಿರಲಿಲ್ಲ.

"ರೇಣವ್ವ, ನಿನ್ನ ಹಾಡೆಲ್ಲಾ ಒಂದ ಬಸ್ಸಿನ್ಯಾಗ ಹೊಂಟಾವ ನೋಡು. ಸುರಪುರ, ಶಹಾಪುರ, ಯಾದಗಿರಿ. ಮತ್ತ ವಾಪಸ್ ಸುರಪುರ."

ನನಗೆ ಸಿಟ್ಟು ಬರುತ್ತಿತ್ತು. ಅವನು ಹೇಳುವುದು ಖರೆ ಎಂಬುದಕ್ಕೆ ಇನ್ನಷ್ಟು ಸಿಟ್ಟು.

ಕಳೆದ ವರ್ಷ ಅವನ ದನಿ ಒಡೆಯತೊಡಗಿತು. ತಂಬಾಕಿನ ಕೆಲಸ. ಸೊಲ್ಲಾಪುರದ ಡಾಕ್ಟರು ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಆಪರೇಶನ್ನಿಗೆ ಹೊರಡುವ ದಿನ ಬೆಳಿಗ್ಗೆ ಅಣ್ಣ ಶಾಲೆಗೆ ಬಂದ. ಹೊಸ ಹಾಡು ತಂದಿದ್ದ. ಆ ಹೊತ್ತಿನಲ್ಲೂ ತಮಾಷೆಯ ಹಾಡು. ಸಂಜೆ ಹಟ್ಟಿಗೆ ಕುರಿಗಳೆಲ್ಲ ಬಂದಿವೆ, ಒಂದು ಕುಂಟ ಮರಿ ಮಾತ್ರ ಬಂದಿಲ್ಲ:

ಕರಿ ಕುರಿ ಬಂತು, ಬಿಳಿ ಕುರಿ ಬಂತು, ಕುಂಟ ಮರಿ ಎಲ್ಲದ?
ಗೌಡರ ಹೊಲದಾಗ ಮೆಣಸಿನಕಾಯಿ ತಿಂದು ನೀರಿಗಿ ಹೋಗ್ಯದ.

ಹೀಗೆ ಎರಡು ಸಲ. ಮೂರನೆಯ ಸಲ ಮಾತ್ರ ಬೇರೆ, ಹಟ್ಟಿಯ ತಟ್ಟಿಬಾಗಿಲ ಮಾತು:

ಹೊತ್ತ ಮುಣುಗಿತು, ಹಟ್ಟಿ ತುಂಬಿತು, ಕುಂಟ ಮರಿ ಎಲ್ಲದ?
ತಡಾ ಆದ್ರ ಆಗಲಿ, ಹಟ್ಟಿ ತಟ್ಟಿ ತೆರದ ಇಟ್ಟೀನಿ.

ಮಕ್ಕಳು ಬರೆಯುವ ಪಾಟಿಗಳ ಅಟ್ಟಿಯ ಮೇಲೆ ನನ್ನ ಫೋನನ್ನು ಒರಗಿಸಿ ಧ್ವನಿಮುದ್ರಣಕ್ಕೆ ಇಟ್ಟೆ. ಅವನು ನಗುನಗುತ್ತ ಹಾಡಿದ, ನಾನು ಎಂದಿನಂತೆ ಜಿ, ಸಿ, ಡಿ ಬಾರಿಸಿದೆ. ನನ್ನ ಮೊದಲ ದಡ್ಡತನ ಇದು. ಅವನ ದನಿಯನ್ನು ಒಂದನ್ನೇ ಹಿಡಿದಿಡಬೇಕಿತ್ತು. ಎರಡೂ ಒಂದೇ ಫೋನಿನೊಳಗೆ ಸೇರಿಬಿಟ್ಟವು. ಆಮೇಲೆ ಸುರಪುರದಲ್ಲಿ ಮದುವೆ ವಿಡಿಯೋ ಮಾಡುವವನೊಬ್ಬ ಕಂಪ್ಯೂಟರಿನಲ್ಲಿ ಗಿಟಾರನ್ನು ಬೇರ್ಪಡಿಸಿ ಕೊಟ್ಟ. ಅಣ್ಣನ ದನಿ ಡಬ್ಬಿಯೊಳಗಿಂದ ಬಂದಂತೆ ಬಂತು. ಬೇಡ, ಮೊದಲಿದ್ದಂತೆಯೇ ಕೊಡಪ್ಪ ಎಂದು ತೆಗೆದುಕೊಂಡು ಬಂದೆ.

ಆ ಬೆಳಿಗ್ಗೆ ಜೀಪು ಹತ್ತುವಾಗ ಅಣ್ಣ ತನ್ನ ದನಿಯಲ್ಲಿ ನನಗೆ ಆಡಿದ ಕೊನೆಯ ಮಾತು ಇದು: "ಇದೊಂದು ಹಾಡನ್ನರೆ ಛಂದ ಮಾಡು ತಂಗಿ. ಬ್ಯಾರೆ ದಾರಿಲೆ ಒಯ್ಯಿ." ಆಗಲಿ ಎಂದು ಮಾತು ಕೊಟ್ಟೆ.

ಈಗ ಅವನ ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತಿದೆ. ಮೇಲೊಂದು ತೆಳು ಬಟ್ಟೆ ಕಟ್ಟಿಕೊಳ್ಳುತ್ತಾನೆ. ಹೇಳಬೇಕಾದ್ದನ್ನು ನಮ್ಮ ಶಾಲೆಯ ಪಾಟಿಯ ಮೇಲೆ ಬಳಪದಿಂದ ಬರೆಯುತ್ತಾನೆ. ಕುರಿ ಕರೆಯಲು ಎಣ್ಣೆ ಡಬ್ಬಿ ಬಡಿಯುತ್ತಾನೆ. ಮೊದಮೊದಲು ಕುರಿಗಳು ಆ ಸಪ್ಪಳಕ್ಕೆ ಹೆದರಿ ಅವನಿಂದ ದೂರ ಓಡುತ್ತಿದ್ದವು. ಅದನ್ನು ನೋಡಿದ ದಿನ ನಾನು ಶಾಲೆಯ ಸ್ಟೋರ್ ರೂಮಿಗೆ ಹೋಗಿ ಅತ್ತೆ.

ಟಿಬಿಲಿಸಿ, ಮೂರನೆಯ ಮಹಡಿ

ನನ್ನ ಮಗಳು ಸವಿತಾ ಟಿಬಿಲಿಸಿಯಲ್ಲಿ ಡಾಕ್ಟರಿಕೆ ಓದುತ್ತಾಳೆ. ದೀಪಾವಳಿ ಆದ ಮೇಲೆ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಯಾರಾದರೂ ಹೋಗಲೇಬೇಕಾಯಿತು, ನಾನು ರಜೆ ಹಾಕಿ ಹೊರಟೆ. ಸಜ್ಜೆ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ ಎನ್ನುವ ಖಾರದ ಚಟ್ನಿಪುಡಿ, ಫೋನಿನಲ್ಲಿ ಅಣ್ಣನ ಹಾಡು. ಇಷ್ಟೇ ನನ್ನ ಸಾಮಾನು. ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ಹಿಂಡಿಯ ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದ. ಆಮೇಲೆ ಎಷ್ಟು ಸೀನಿದನೆಂದರೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು. ರೊಟ್ಟಿಯೊಂದನ್ನು ಮುರಿದು, ಅದರ ಲಟಕ್ ಎಂಬ ಸಪ್ಪಳ ಕೇಳಿ, ಇದು ತಿನ್ನುವ ವಸ್ತುವೆಂದು ನಂಬದೆಯೇ ನನ್ನನ್ನು ಬಿಟ್ಟುಕೊಟ್ಟ.

ನವೆಂಬರಿನ ಆ ಊರು ನನಗೆ ಒಗ್ಗಲಿಲ್ಲ. ಆಕಾಶ ಬೂದಿ ಬಣ್ಣ, ನಾಲ್ಕು ದಿನ ಸೂರ್ಯನ ಮುಖವಿಲ್ಲ. ಅಂಗಳದ ದ್ರಾಕ್ಷಿ ಬಳ್ಳಿಗಳಲ್ಲಿ ಒಂದೆಲೆಯೂ ಇರಲಿಲ್ಲ. ಬೀದಿಯಲ್ಲಿ ಗುರುತಿಲ್ಲದವರನ್ನು ನೋಡಿ ಯಾರೂ ನಗುವುದಿಲ್ಲ, ಮಾತಾಡಿಸುವುದಿಲ್ಲ. ನಮ್ಮಲ್ಲಿ ಶಹಾಪುರದಲ್ಲಿ ಯಾದಗಿರಿ ಬಸ್ಸು ಹತ್ತಿದರೆ ದೋರನಹಳ್ಳಿ ಬರುವುದರೊಳಗೆ ಪಕ್ಕದವಳಿಗೆ ನಮ್ಮ ತವರು, ಮಕ್ಕಳು, ಮಂಡಿನೋವು ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಬ್ರೆಡ್ ಅಂಗಡಿಯಲ್ಲಿ ಮೂರು ದಿನ ಒಬ್ಬಳೇ ಹೆಂಗಸು ನನ್ನ ಹಿಂದೆ ನಿಂತಳು, ಮೂರು ದಿನವೂ ನನ್ನ ತಲೆಯ ಮೇಲಿಂದ ಗೋಡೆ ನೋಡಿದಳು. ನೆಲದಲ್ಲಿ ಹೂತ ದೊಡ್ಡ ಒಲೆಯ ಒಳಗೋಡೆಗೆ ಹಿಟ್ಟನ್ನು ಬಡಿದು ಅಂಟಿಸಿ ಬೇಯಿಸುವ ಆ ಬ್ರೆಡ್ಡು ಮಾತ್ರ ರುಚಿಯಾಗಿತ್ತು. ಬೇಯಿಸುವವನು ಅರ್ಧ ಮೈ ಒಲೆಯೊಳಗೆ ಬಾಗಿಸಿದಾಗಲೆಲ್ಲ ಈಗ ಬಿದ್ದ ಎಂದು ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಆದರೆ ಹೊಸ್ತಿಲ ಒಳಗೆ ಅದೇ ಜನ ಬೇರೆ. ಕೆಳಗಿನ ಮನೆಯ ಯಜಮಾನಿ ತಮಾರಾ ಬಾಗಿಲು ತಟ್ಟುವ ಗೋಜಿಗೇ ಹೋಗುತ್ತಿರಲಿಲ್ಲ. ಬೇಯಿಸಿದ ಕೆಂಪು ಅವರೆಯ ಗಡಿಗೆ ಹಿಡಿದು ನೇರ ಒಳಗೆ ಬಂದು, ಸವಿತಾಳ ಕೆನ್ನೆಗೆ ಮುತ್ತು ಕೊಟ್ಟು, ನನ್ನನ್ನು ತಿನ್ನಲು ಕೂರಿಸುತ್ತಿದ್ದಳು. ಅರವತ್ತು ದಾಟಿದವಳು, ಸಂಗೀತ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಮೈತುಂಬ ಕಪ್ಪು ಬಟ್ಟೆ. ತಮ್ಮ ತೀರಿ ಎಂಟು ವರ್ಷವಾದರೂ ಅವಳು ಕಪ್ಪು ಬಿಟ್ಟಿಲ್ಲ ಎಂದು ಸವಿತಾ ಹೇಳಿದಳು. ನಮ್ಮಲ್ಲಿ ದಿನ ಮಾಡಿ, ಊಟ ಹಾಕಿ, ಎಲ್ಲರನ್ನೂ ಕೆಲಸಕ್ಕೆ ಹಚ್ಚಿಬಿಡುತ್ತೇವೆ. ದುಃಖವನ್ನು ಹೀಗೆ ಎಂಟು ವರ್ಷ ಮೈಮೇಲೆ ಹಾಕಿಕೊಂಡು ತಿರುಗಲು ನಮ್ಮವರು ಬಿಡುವುದಿಲ್ಲ. ಯಾವುದು ಒಳ್ಳೆಯದೋ ನನಗೆ ಗೊತ್ತಿಲ್ಲ.

ಗುರುವಾರದ ಅಡುಗೆಮನೆ

ಗುರುವಾರ ಸಂಜೆ ತಮಾರಾಳ ಅಡುಗೆಮನೆಯಲ್ಲಿ ಮೂವರು ಹೆಂಗಸರು ಸೇರಿ ಹಾಡುತ್ತಾರೆ. ಇಬ್ಬರು ಮೇಲೆ ಮೇಲೆ ಹಾರಾಡುತ್ತಾರೆ. ಮೂರನೆಯವಳು, ಏತೆರಿ ಎಂಬ ನೆರೆಯವಳು, ಕೆಳಗೆ ಒಂದೇ ಸ್ವರ ಹಿಡಿದು ಕೂತಿರುತ್ತಾಳೆ. ಪಾಪ, ಹಾಡಲು ಬಾರದವಳನ್ನು ಹೀಗೆ ಕೂರಿಸಿದ್ದಾರೆ ಎಂದುಕೊಂಡೆ. ಆಮೇಲೆ ಒಂದು ಕಡೆ ಏತೆರಿ ಆ ಸ್ವರವನ್ನು ಒಂದೇ ಒಂದು ಮೆಟ್ಟಿಲು ಇಳಿಸಿದಳು. ಮೇಲಿನವರು ಹಾಡುತ್ತಿದ್ದುದನ್ನೇ ಹಾಡುತ್ತಿದ್ದರು. ಆದರೆ ಇಡೀ ಕೋಣೆಯ ಮೇಲೆ ಮೋಡ ಕವಿದಂತಾಯಿತು. ನನ್ನ ಕೈಯಲ್ಲಿದ್ದ ಚಹಾ ಆರುವವರೆಗೆ ನಾನು ಕುಡಿಯಲಿಲ್ಲ.

ತಮಾರಾ ತನ್ನ ಗಿಟಾರನ್ನು ನನ್ನ ಕೈಗೆ ಕೊಟ್ಟಳು. ನಾನು ಜಿ, ಸಿ, ಡಿ ಬಾರಿಸಿದೆ. ಒಂದನೆಯ ತರಗತಿಯ ಮಗು ಮಗ್ಗಿ ಹೇಳುವಾಗ ನಾನು ಹೇಗೆ ಕೇಳುತ್ತೇನೋ ಹಾಗೆ, ತಲೆ ಅಲ್ಲಾಡಿಸುತ್ತ ಕೇಳಿದಳು. ಸವಿತಾ ನಡುವೆ ಕೂತು ತನಗೆ ತಿಳಿದಷ್ಟು ಅವರ ಮಾತನ್ನು ನನಗೆ ಹೇಳಿದಳು. ಕಾರ್ಡುಗಳನ್ನು ಬಿಡಬೇಕಿಲ್ಲ, ಮೂರೇ ಸಾಕು ಎಂದಳು ತಮಾರಾ. ಪ್ರತಿ ಸಲ ಆರು ತಂತಿಯನ್ನೂ ಬಾರಿಸಬೇಡ, ಎರಡೋ ಮೂರೋ ಸಾಕು. ಕೇಳುವವನು ಸಿ ಬರುತ್ತದೆಂದು ಕಾಯುತ್ತಿರುವಾಗ ಒಂದು ಎಣಿಕೆ ತಡವಾಗಿ ಹೋಗು. ಒಂದು ಕಡೆ ಪೂರ್ತಿ ನಿಲ್ಲಿಸಿ ಹಾಡುವವಳನ್ನು ಒಬ್ಬಳನ್ನೇ ಬಿಡು. ಇಪ್ಪತ್ತು ವರ್ಷದಲ್ಲಿ ಇದೊಂದೂ ನನಗೆ ಹೊಳೆದಿರಲಿಲ್ಲ ಎಂದು ನಾಚಿಕೆಯಾಯಿತು.

ಕೊನೆಗೆ ಅವಳು ಏತೆರಿಯ ಗುಟ್ಟನ್ನು ತೋರಿಸಿದಳು. ನೀನು ಜಿ ಬಾರಿಸುತ್ತಲೇ ಇರು ಎಂದು ಹೇಳಿ, ಇನ್ನೊಂದು ಗಿಟಾರಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು, ಬೆರಳೂ ಒತ್ತದೆ, ಒಮ್ಮೆ ಮೀಟಿದಳು. ನನ್ನ ಜಿ ನಗುವುದನ್ನು ನಿಲ್ಲಿಸಿತು. ಸಿ ಬಾರಿಸಿದಾಗ ಅದರ ಪಕ್ಕದ ತಂತಿ ಮೀಟಿದಳು, ಅದೂ ತಣ್ಣಗಾಯಿತು. ಡಿಗೆ ಮಾತ್ರ ಒಂದು ಬೆರಳು ಒತ್ತಿದಳು. ನನ್ನ ಕೈ ಮಾಡುತ್ತಿದ್ದುದು ಅದೇ ಹಳೆಯ ಸುರಪುರ, ಶಹಾಪುರ, ಯಾದಗಿರಿ. ಆದರೆ ಬಸ್ಸು ಯಾವ ಊರಿಗೆ ಹೊರಟಿದೆಯೋ ತಿಳಿಯದಂತಾಗಿತ್ತು.

ಅಣ್ಣನ ಮುದ್ರಣದಲ್ಲಿ ದನಿಯನ್ನಾಗಲಿ ನನ್ನ ಗಿಟಾರನ್ನಾಗಲಿ ಬದಲಿಸಲು ಬರುತ್ತಿರಲಿಲ್ಲ. ಆದರೆ ಕೆಳಗೆ ಜಾಗ ಖಾಲಿ ಇತ್ತು. ಫೋನು ತೆಗೆದು ಹಾಡು ಹಾಕಿದೆ. ಬೋನಾಳದ ಕೆರೆಯ ಹಕ್ಕಿಗಳ ಗದ್ದಲ, ಅದರ ಮೇಲೆ ಅಣ್ಣನ ದನಿ. ಮುಗಿದ ಮೇಲೆ, ನಾವು ಮಾಡುವ ಹಾಗೆ, ಫೋನನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ. ಕಣ್ಣು ಒದ್ದೆಯಾಗಿದ್ದವು. ಯಾರೆಂದು ತಮಾರಾ ಕೇಳಿದಳು. ಅಣ್ಣ, ಬೀರಣ್ಣ ಎಂದೆ. ಅವಳು ಎದ್ದು ಬಂದು ನನ್ನ ತಲೆಯನ್ನು ತನ್ನ ಕಪ್ಪು ಬಟ್ಟೆಗೆ ಅಪ್ಪಿಕೊಂಡು ಬಹಳ ಹೊತ್ತು ನಿಂತಳು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಕಾಖೇತಿಯ ಹಳ್ಳಿ

ಭಾನುವಾರ ತಮಾರಾ ನನ್ನನ್ನು ಕಾಖೇತಿ ಸೀಮೆಯ ತನ್ನ ಹಳ್ಳಿಗೆ ಕರೆದೊಯ್ದಳು. ಕಾಲಿನಿಂದಾಗಿ ಸವಿತಾಗೆ ಬರಲಾಗಲಿಲ್ಲ, ಶಾಲೆಯಲ್ಲಿ ಇಂಗ್ಲಿಷ್ ಕಲಿತಿದ್ದ ತಮಾರಾಳ ಸೊಸೆ ಜೊತೆಗೆ ಬಂದಳು. ನಮ್ಮ ಟಂಟಂಗಿಂತ ಸ್ವಲ್ಪ ದೊಡ್ಡದಾದ ವ್ಯಾನಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದೆವು. ಅರ್ಧ ದಾರಿಯಲ್ಲಿ ವ್ಯಾನು ನಿಂತಿತು. ರಸ್ತೆಯ ತುಂಬ ಕುರಿ. ಚಳಿಗಾಲಕ್ಕೆ ಬೆಟ್ಟ ಇಳಿದು ಬಯಲಿಗೆ ಬರುವ ಮಂದೆ. ಇಷ್ಟು ದಿನಗಳಲ್ಲಿ ಮೊದಲ ಸಲ ನನಗೆ ಗುರುತಿನವರು ಸಿಕ್ಕಂತಾಯಿತು. ಕೆಳಗಿಳಿದು ಅಣ್ಣ ಕರೆಯುತ್ತಿದ್ದಂತೆ ನಾಲಿಗೆ ಹೊರಳಿಸಿ ಕರೆದೆ. ಒಂದು ಕುರಿಯೂ ಕಿವಿ ಎತ್ತಲಿಲ್ಲ. ಮಂದೆಯ ಕಾವಲಿನ ನಾಯಿ ಮಾತ್ರ ನನ್ನ ಕಡೆ ಗುರ್ ಎಂದಿತು. ಪೆಚ್ಚುಮೋರೆ ಹಾಕಿಕೊಂಡು ವ್ಯಾನು ಹತ್ತಿದೆ.

ಹಳ್ಳಿಯ ಸ್ಮಶಾನದಲ್ಲಿ ಕಪ್ಪು ಕಲ್ಲಿನ ಮೇಲೆ ತಮಾರಾಳ ತಮ್ಮನ ಪೂರ್ತಿ ಆಕೃತಿ ಕೊರೆದಿದ್ದರು, ಕೋಟು ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದ. ಸಮಾಧಿಯ ಪಕ್ಕ ಬಂದವರು ಕೂತು ಉಣ್ಣಲು ಮೇಜು, ಬೆಂಚು. ತಮಾರಾ ಕಲ್ಲಿನ ಕೆನ್ನೆಗೆ ಮುತ್ತು ಕೊಟ್ಟಳು.

ಮಧ್ಯಾಹ್ನ ಮನೆಯಲ್ಲಿ ದೊಡ್ಡ ಊಟ. ಅವರಲ್ಲಿ ಊಟದ ನಡುವೆ ಒಬ್ಬ ಹಿರಿಯ ಎದ್ದು ಲೋಟ ಹಿಡಿದು ಒಂದೊಂದು ವಿಷಯಕ್ಕೆ ನಾಲ್ಕು ಮಾತಾಡುತ್ತಾನೆ, ಎಲ್ಲರೂ ಕುಡಿಯುತ್ತಾರೆ. ನನಗೆ ದ್ರಾಕ್ಷಿ ರಸ ಕೊಟ್ಟಿದ್ದರು. ತೀರಿಹೋದವರ ಸರದಿ ಬಂದಾಗ ಎಲ್ಲರೂ ಎದ್ದು ನಿಂತರು, ನಾನೂ ನಿಂತೆ. ಆ ಹಿರಿಯ ತಮಾರಾಳ ತಮ್ಮನ ಹೆಸರು ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ತೊದಲುತ್ತ, "ಬೀರಣ್ಣ" ಎಂದ.

ಗುರುವಾರದ ಅಪ್ಪುಗೆ ಆಗ ಅರ್ಥವಾಯಿತು. ಕಣ್ಣಿಗೊತ್ತಿಕೊಂಡ ಫೋನು, ಕಣ್ಣೀರು, ಅಣ್ಣನೆಂಬ ಮಾತು. ಇವಿಷ್ಟರಿಂದ ತಮಾರಾ ತನ್ನ ತಮ್ಮನ ಪಕ್ಕದಲ್ಲಿ ನನ್ನ ಅಣ್ಣನನ್ನೂ ಮಲಗಿಸಿದ್ದಳು. ಇಲ್ಲ, ಅವನು ಬದುಕಿದ್ದಾನೆ ಎಂದು ಸೊಸೆಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಎಂಟು ಹತ್ತು ಜನ ಗುರುತಿಲ್ಲದ ನನ್ನ ದುಃಖಕ್ಕಾಗಿ ಎದ್ದು ನಿಂತಿದ್ದರು. ಊರಲ್ಲಿ ಯಾರೂ ಹಾಗೆ ನಿಂತಿರಲಿಲ್ಲ. ಜೀವ ಉಳಿಯಿತಲ್ಲ, ಅಷ್ಟು ಸಾಕು ಬಿಡ್ರಿ ಎಂದೇ ಎಲ್ಲರೂ ಹೇಳಿದ್ದರು. ಆ ದನಿಗಾಗಿ ಅಳಲು ನನಗೆ ಎಲ್ಲಿಯೂ ಜಾಗ ಸಿಕ್ಕಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಲೋಟ ಎತ್ತಿ ಕುಡಿದೆ.

ಎರಡನೆಯ ಗುರುವಾರ

ತಮಾರಾ ಅಣ್ಣನ ಹಾಡಿಗೆ ಕೆಳಗಿನ ಸ್ವರ ಕಟ್ಟಿದಳು. ಮುದ್ರಣದ ದಿನ ನನ್ನ ಗಿಟಾರಿನ ಶ್ರುತಿ ಸ್ವಲ್ಪ ಇಳಿದಿತ್ತು. ಅವಳು ಬೈಯದೆ ತನ್ನ ತಂತಿಗಳನ್ನೇ ಸಡಿಲಿಸಿ ನನ್ನ ತಪ್ಪಿಗೆ ಹೊಂದಿಸಿಕೊಂಡಳು. ಒಂದು ಫೋನಿನಲ್ಲಿ ಹಾಡು ಹಾಕಿ, ಅವಳು ದಪ್ಪ ತಂತಿ ಮೀಟುವುದನ್ನೂ ಸೇರಿಸಿ, ಸವಿತಾಳ ಫೋನಿನಲ್ಲಿ ಹಿಡಿದೆವು. ಏತೆರಿ ಕೂಡ ಮೆಲ್ಲಗೆ ಒಂದೇ ಸ್ವರ ಹಿಡಿದಳು.

ಹಾಡು ಬಹಳ ಚೆನ್ನಾಯಿತು. ಈ ವಿಷಯದಲ್ಲಿ ಸುಳ್ಳು ಹೇಳಲಾರೆ. ಮೆಣಸಿನಕಾಯಿ ತಿಂದ ಕುಂಟ ಮರಿ ಇನ್ನೆಂದೂ ಹಟ್ಟಿಗೆ ಬಾರದ ಮರಿಯಾಗಿತ್ತು. ಸವಿತಾ, ಮಾಮನ ಹಾಡಿಗೆ ಯಾವಾಗಲೂ ಬಿದ್ದು ಬಿದ್ದು ನಗುವವಳು, ಕಟ್ಟು ಹಾಕಿದ ಕಾಲು ನೋಡುತ್ತ ಅತ್ತಳು. ಕೊಟ್ಟ ಮಾತು ಉಳಿಸಿಕೊಂಡೆ ಎಂದು ನಾನು ಎದೆಯುಬ್ಬಿಸಿಕೊಂಡು ಊರಿಗೆ ಹೊರಟೆ.

ಮತ್ತೆ ಬೋನಾಳ

ಬಂದ ಮರುದಿನವೇ ಅಣ್ಣನ ಮನೆಗೆ ಹೋದೆ. ಅತ್ತಿಗೆ ಚಹಾ ಇಟ್ಟಳು. ಅಣ್ಣ ಹೊರಸಿನ ಮೇಲೆ ಕೂತು ಫೋನನ್ನು ಕಿವಿಗೆ ಹಿಡಿದುಕೊಂಡ. ಹಾಡು ನಡೆಯುತ್ತಿದ್ದಂತೆ ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಮುಗಿದ ಮೇಲೆ ಇನ್ನೊಮ್ಮೆ ಕೇಳಿದ. ಆಮೇಲೆ ಪಾಟಿ ಎಳೆದುಕೊಂಡು ಬರೆದು ನನ್ನ ಕಡೆ ತಿರುಗಿಸಿದ.

"ನಾ ಇನ್ನಾ ಅದೀನಿ."

ಕಾಖೇತಿಯ ಊಟ, ಎದ್ದು ನಿಂತ ಜನ, ನಾನು ಎತ್ತಿ ಕುಡಿದ ಲೋಟ, ಎಲ್ಲವನ್ನೂ ಅವನ ಕಾಲ ಬಳಿ ಕೂತು ಹೇಳಿದೆ. ಅತ್ತಿಗೆಯ ಕೈಯಲ್ಲಿ ಚಹಾದ ಬಸಿ ಹಾಗೇ ಉಳಿಯಿತು. "ಇದ್ದ ಮನಶ್ಯಾನ್ನ ಸತ್ತಾನ ಅಂದ್ರ ಸುಮ್ ಕುಂತ್ಯಾ ಏನವ್ವ?" ಎಂದು ಒಂದೇ ಮಾತು ಕೇಳಿ ಒಳಗೆ ಹೋದಳು. ಅಣ್ಣ ಬೈಯಲಿಲ್ಲ, ಪಾಟಿ ಒರೆಸಿ ಡಬ್ಬಿ ತೆಗೆದುಕೊಂಡು ಕುರಿಗಳ ಕಡೆ ಹೋದ.

ಮನೆಗೆ ಬಂದು ಸವಿತಾಳಿಗೆ ಫೋನ್ ಮಾಡಿದೆ. ತಮಾರಾಗೆ ನಿಜ ಹೇಳು ಎಂದೆ. ಹೇಳಿದಳಂತೆ. ತಮಾರಾ, ನನ್ನ ತಮ್ಮನ ವಿಷಯದಲ್ಲೂ ತಪ್ಪಾಗಿದೆ ಎಂದು ಯಾರಾದರೂ ಫೋನ್ ಮಾಡಬಾರದೇ ಎಂದಳಂತೆ. ಅದನ್ನು ಕೇಳಿ ನಾನು ಇನ್ನಷ್ಟು ಸಣ್ಣವಳಾದೆ.

ನಾಲ್ಕು ದಿನ ಅಣ್ಣ ಶಾಲೆಯ ಕಡೆ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತಿದ್ದ. ಕಪಾಟಿನ ಮೇಲಿದ್ದ ಗಿಟಾರನ್ನು ಕೈಸನ್ನೆಯಿಂದ ಕೇಳಿದ. ಕೊಟ್ಟೆ. ಆಮೇಲೆ ಮೊದಲಿನ ಹಾಡನ್ನು, ನಾವಿಬ್ಬರೇ ಇದ್ದದ್ದನ್ನು, ಹಾಕೆಂದು ತೋರಿಸಿದ. ತಮಾರಾ ಮಾಡಿದಂತೆ ನಾನು ತಂತಿಯನ್ನು ಇಳಿಸಿ ಹೊಂದಿಸಿದೆ. ದಪ್ಪ ತಂತಿ ಯಾವುದೆಂದು ಅವನು ಬೆರಳಿಟ್ಟು ಕೇಳಿದ, ತೋರಿಸಿದೆ. ಜೀವಮಾನದಲ್ಲಿ ಅವನು ಗಿಟಾರ್ ಮುಟ್ಟಿದ್ದು ಅದೇ ಮೊದಲು.

ಹಾಡು ಶುರುವಾಯಿತು. ಕರಿ ಕುರಿ ಬಂತು, ಬಿಳಿ ಕುರಿ ಬಂತು. ಅವನು ತಂತಿ ಮುಟ್ಟಲಿಲ್ಲ. ಮೆಣಸಿನಕಾಯಿಯ ಸಾಲು ಬಂದಾಗ ತನ್ನ ಹಾಡಿಗೆ ತಾನೇ ಹಲ್ಲು ಬಿಟ್ಟು, ಸದ್ದಿಲ್ಲದೆ ನಕ್ಕ. ಎರಡನೆಯ ಸಲವೂ ಮುಟ್ಟಲಿಲ್ಲ. ಮೂರನೆಯ ಸಲ, ಹೊತ್ತು ಮುಳುಗಿ, ಹಟ್ಟಿ ತುಂಬಿ, ಕುಂಟ ಮರಿ ಎಲ್ಲದ ಎನ್ನುವಲ್ಲಿ ಅವನ ದನಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಸರಿಯಾಗಿ ಅಲ್ಲಿ, ಕುರಿ ಉಣ್ಣೆ ಕತ್ತರಿಸಿ ಜಡ್ಡುಗಟ್ಟಿದ ಹೆಬ್ಬೆರಳಿನಿಂದ, ದಪ್ಪ ತಂತಿಯನ್ನು ಒಂದೇ ಒಂದು ಸಲ ಮೀಟಿದ. ಅದು ಗುಂಯ್ ಎಂದು ಸಾಗಿ ಹಟ್ಟಿ ತಟ್ಟಿ ತೆರೆದಿಟ್ಟಲ್ಲಿ ಆರಿತು.

ಆಮೇಲೆ ಪಾಟಿಯ ಮೇಲೆ ಬರೆದ: "ಇಲ್ಲಿ ಒಂದ ಕಡಿ ಅಷ್ಟ ಅಂಜಿದ್ದೆ."

ಅವನು ಸೊಲ್ಲಾಪುರಕ್ಕೆ ಹೊರಟ ಆ ಬೆಳಿಗ್ಗೆ ನಾನು ಅವನ ಎದುರಿಗೇ ಕೂತಿದ್ದೆ, ಒಂದು ಮೊಳ ದೂರದಲ್ಲಿ, ಜಿ ಒತ್ತಿ ಹಿಡಿದುಕೊಂಡು. ಅವನ ದನಿ ನಿಂತಾಗ ಕೆಮ್ಮು ಬಂದಿರಬೇಕೆಂದುಕೊಂಡು ನಗುತ್ತ ಬಾರಿಸುತ್ತಲೇ ಇದ್ದೆ.